ಒಳಗಿನ ಗಿರಾಕಿ

"ಹುಡುಗ ಸಾಫ್ಟ್‌ವೇರ್ ಕಂಪನೀಲಿದಾನೆ" ಎಂದರೆ ಕೇಳಿದವರ ಮನಸ್ಸಿಗೆ ಬರುವುದು ಕೋಡ್ ಬರೆಯುವ ಎಂಜಿನಿಯರ್. ಅದೇ ಕಂಪನಿಯಲ್ಲಿ ಆ ಕೋಡನ್ನು ಮಾರಿ ದುಡ್ಡು ತರುವವರೂ ಇದ್ದಾರೆ ಎಂಬುದು ನೆನಪಾಗುವುದು ಕಡಿಮೆ. ಬೆಂಗಳೂರಿನಲ್ಲಿ ಅವರೇನೂ ಬೆರಳೆಣಿಕೆಯ ಮಂದಿಯಲ್ಲ. ಬಿಕಾಂ, ಬಿಬಿಎ ಮುಗಿಸಿದವರು, ಎಂಬಿಎ ಮಾಡಿದವರು, ಕ್ಯಾಂಪಸ್ಸಿನಲ್ಲಿ ಕೋಡಿಂಗ್ ರೌಂಡು ದಾಟಲಾಗದೆ ಈ ಕಡೆ ಹೊರಳಿದ ಎಂಜಿನಿಯರುಗಳು, ಎಲ್ಲರೂ ಇದ್ದಾರೆ. ಕೆಲವರು ಲ್ಯಾಪ್‌ಟಾಪ್ ಬ್ಯಾಗು ಹೆಗಲಿಗೇರಿಸಿಕೊಂಡು ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಅಲೆಯುತ್ತಾರೆ. ಇನ್ನು ಕೆಲವರ ದಿನ ಶುರುವಾಗುವುದೇ ಸಂಜೆ ಆರೂವರೆಗೆ, ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತಾದಾಗ.

ಮಾರುವ ಕೆಲಸ ಯಾವ ಕಾಲದಲ್ಲೂ ಸುಲಭದ್ದಲ್ಲ. ಆದರೆ ಆಡಳಿತ ಹದಗೆಟ್ಟ ಕಂಪನಿಯಲ್ಲಿ ಅದು ಬೇರೆಯೇ ಕೆಲಸವಾಗಿಬಿಡುತ್ತದೆ. ಮೀಟಿಂಗಿನಲ್ಲಿ ಬೈಗುಳ, ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್, ಹಬ್ಬದ ದಿನವೂ ಫೋನು: ಈ ದೂರುಗಳನ್ನು ಎಲ್ಲರೂ ಹೇಳುತ್ತಾರೆ, ಅವು ನಿಜವೂ ಹೌದು. ನನಗೆ ಮಾತ್ರ ಇವೆಲ್ಲ ಮೇಲೆ ಕಾಣುವ ಲಕ್ಷಣಗಳು ಅನಿಸುತ್ತದೆ. ಇಂಥ ಕಂಪನಿಯಲ್ಲಿ ಸೇಲ್ಸ್‌ನವರ ಅತಿ ಮುಖ್ಯ ಗಿರಾಕಿ ಹೊರಗಿರುವುದಿಲ್ಲ, ಒಳಗೇ ಇರುತ್ತಾನೆ. ಅವನು ಅವರ ಮ್ಯಾನೇಜರು. ಅವನಿಗೆ ಮಾರಬೇಕಾದ ಸರಕು, "ಈ ಕ್ವಾರ್ಟರ್ ಇಷ್ಟು ಬರುತ್ತೆ ಸರ್" ಎಂಬ ಭರವಸೆ. ಹೊರಗಿನ ಗಿರಾಕಿಗೆ ಹೇಳುವ ಸುಳ್ಳಿಗಿಂತ ಒಳಗೆ ಹೇಳುವ ಈ ಸುಳ್ಳೇ ಸಾಫ್ಟ್‌ವೇರ್ ಉದ್ಯಮದಲ್ಲಿ ಹೆಚ್ಚು ಹಾನಿ ಮಾಡಿದೆ.

ಸಾಫ್ಟ್‌ವೇರನ್ನು ಬೇರೆಯಾಗಿ ಮಾರುವ ಪದ್ಧತಿ ಅಷ್ಟೇನೂ ಹಳೆಯದಲ್ಲ. ಕಂಪ್ಯೂಟರ್ ಕೊಂಡವರಿಗೆ ಪ್ರೋಗ್ರಾಂ ಅದರ ಜೊತೆಗೇ ಸಿಗುತ್ತಿತ್ತು. ಎರಡಕ್ಕೂ ಬೇರೆ ಬೇರೆ ಬೆಲೆ ಕಟ್ಟುವುದಾಗಿ ಐಬಿಎಂ ಪ್ರಕಟಿಸಿದ್ದು 1969ರ ಜೂನ್‌ನಲ್ಲಿ. ಮಾರುವ ವ್ಯವಸ್ಥೆಗೆ ಮಾತ್ರ ಅದಕ್ಕಿಂತ ಹೆಚ್ಚು ವಯಸ್ಸು. ಅಮೆರಿಕದ ಡೇಟನ್‌ನಲ್ಲಿ ಕ್ಯಾಷ್ ರಿಜಿಸ್ಟರ್ ತಯಾರಿಸುತ್ತಿದ್ದ ಎನ್‌ಸಿಆರ್ ಕಂಪನಿಯ ಜಾನ್ ಪ್ಯಾಟರ್ಸನ್ 1890ರ ದಶಕದಲ್ಲೇ ಸೇಲ್ಸ್‌ಮನ್‌ಗಳಿಗಾಗಿ ಶಾಲೆ ತೆರೆದಿದ್ದ. ಬಾಯಿಪಾಠ ಮಾಡಿಕೊಂಡು ಹೇಳಬೇಕಾದ ಮಾತುಗಳನ್ನು ಅಚ್ಚು ಹಾಕಿಸಿದ್ದ, ಪ್ರದೇಶ ಹಂಚಿ ಒಬ್ಬೊಬ್ಬರಿಗೂ ಕೋಟಾ ಗೊತ್ತುಮಾಡಿದ್ದ. ಅವನ ಗರಡಿಯಲ್ಲಿ ಪಳಗಿದ ಥಾಮಸ್ ವಾಟ್ಸನ್ 1914ರಲ್ಲಿ ಹೋಗಿ ಸೇರಿದ ಕಂಪನಿಯೇ ಮುಂದೆ ಐಬಿಎಂ ಆಯಿತು. ಅಲ್ಲಿ ಕೋಟಾ ಮುಟ್ಟಿದವರಿಗೆ 'ಹಂಡ್ರೆಡ್ ಪರ್ಸೆಂಟ್ ಕ್ಲಬ್'ನ ಸದಸ್ಯತ್ವ ಸಿಗುತ್ತಿತ್ತು. ಇವತ್ತು ಟಾಪ್ ಪರ್ಫಾರ್ಮರ್‌ಗಳನ್ನು ಫುಕೆಟ್‌ಗೋ ಬಾಲಿಗೋ ಕರೆದೊಯ್ದು ಫೋಟೊ ಹಾಕುವುದು ಅದೇ ವಂಶದ್ದು.

ನಮ್ಮಲ್ಲಿ ಬೇರೊಂದು ದಾರಿಯೂ ಇತ್ತು. ಜವಳಿ ಗಿರಣಿಗಳಿಗೆ ಸಾಮಾನು ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯಂಕಾ ತಮ್ಮ ವ್ಯಾಪಾರದ ಲೆಕ್ಕಕ್ಕೆ ಸರಿಯಾದ ಪ್ರೋಗ್ರಾಂ ಸಿಗದೆ ಮಗ ಭರತ್‌ಗೆ ಹೇಳಿ ಬರೆಸಿದರು. 1986ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಟ್ಯಾಲಿ, ಊರೂರಿನ ಡೀಲರುಗಳ ಮೂಲಕ ಚಿಕ್ಕಪೇಟೆಯಿಂದ ಹುಬ್ಬಳ್ಳಿಯವರೆಗೆ ಅಂಗಡಿ ಅಂಗಡಿಗೆ ಹೊಕ್ಕಿತು. ದಾವಣಗೆರೆಯ ಡೀಲರು ದಾವಣಗೆರೆಯಲ್ಲೇ ಇರಬೇಕು. ಸುಳ್ಳು ಹೇಳಿ ಮಾರಿದರೆ ಮರುದಿನ ಅದೇ ಗಿರಾಕಿ ಹೋಟೆಲಿನಲ್ಲಿ ಎದುರು ಸಿಗುತ್ತಾನೆ, ಇಲ್ಲವೇ ಅವನ ಆಡಿಟರ್ ಸಿಗುತ್ತಾನೆ. ಯಾವ ಟ್ರೇನಿಂಗೂ ಕಲಿಸದ ಶಿಸ್ತನ್ನು ಆ ಭೇಟಿಯ ಭಯ ಕಲಿಸುತ್ತದೆ. ಎಚ್‌ಎಸ್‌ಆರ್ ಲೇಔಟಿನಲ್ಲಿ ಕೂತು ಓಹಿಯೋದ ಯಾವುದೋ ಕಂಪನಿಗೆ ಫೋನಿನಲ್ಲಿ ಮಾರುವವರಿಗೆ ಆ ಭಯ ಇರುವುದಿಲ್ಲ. ಅಲ್ಲಿ ಆ ಶಿಸ್ತನ್ನು ಕಂಪನಿಯ ಆಡಳಿತವೇ ತುಂಬಿಕೊಡಬೇಕು.

ಫೋನಿನ ಮೂಲಕ ನಡೆಯುವ ಈ ಮಾರಾಟದಲ್ಲಿ ಕೆಲಸವನ್ನು ಹೋಳು ಮಾಡಿ ಹಂಚಿರುತ್ತಾರೆ. ಒಬ್ಬರು ಬರೀ ಕಾಲ್ ಮಾಡಿ, ಮೇಲ್ ಕಳಿಸಿ, ಮೀಟಿಂಗ್ ಗಿಟ್ಟಿಸುವವರು, ಅವರು ಎಸ್‌ಡಿಆರ್. ಇನ್ನೊಬ್ಬರು ಡೆಮೊ ಕೊಟ್ಟು, ಬೆಲೆ ಮಾತಾಡಿ, ಪಿಓ ಅಂದರೆ ಖರೀದಿ ಆದೇಶ ತರುವವರು. ಮೂರನೆಯವರು ಆಮೇಲೆ ಗಿರಾಕಿಯನ್ನು ನೋಡಿಕೊಳ್ಳುವವರು. ಎಸ್‌ಡಿಆರ್‌ಗೆ ಮೀಟಿಂಗಿನ ಲೆಕ್ಕ, ಎರಡನೆಯವರಿಗೆ ಪಿಓ ಲೆಕ್ಕ. ಒಳ್ಳೆಯ ಆಡಳಿತವಿದ್ದಲ್ಲಿ ಈ ಹಂಚಿಕೆ ಚೆನ್ನಾಗಿಯೇ ನಡೆಯುತ್ತದೆ. ಇಲ್ಲದಿದ್ದಲ್ಲಿ ಎಸ್‌ಡಿಆರ್ ಹುಡುಗಿ ಸಂಖ್ಯೆ ತುಂಬಿಸಲು ಯಾರ್ಯಾರನ್ನೋ ಮೀಟಿಂಗಿಗೆ ಕೂರಿಸುತ್ತಾಳೆ, ಪಿಓ ತರಬೇಕಾದವನು ಇಲ್ಲದ ಫೀಚರ್ ಕೇಳಿದರೆ "ರೋಡ್‌ಮ್ಯಾಪ್‌ನಲ್ಲಿದೆ ಸರ್" ಅನ್ನುತ್ತಾನೆ, ಮೂರನೆಯವರು ಗಿರಾಕಿಯ ಬೈಗುಳ ತಿನ್ನುತ್ತಾರೆ. ಯಾರ ಕೈಯಲ್ಲೂ ಪೂರ್ತಿ ಗಿರಾಕಿ ಇರುವುದಿಲ್ಲ. ಇದರ ಮೇಲೆ ದಾವಣಗೆರೆಯ ಅಕ್ಕಿ ಗಿರಣಿಯವರಿಗೂ ಇಂಗ್ಲಿಷ್ ಸ್ಕ್ರಿಪ್ಟ್ ಓದಿಸುವ ಮಹಾನುಭಾವರೂ ಇದ್ದಾರೆ. ಕನ್ನಡದಲ್ಲಿ ನಾಲ್ಕು ಮಾತಾಡಿದರೆ ಮುಗಿಯುವ ವ್ಯವಹಾರ 'ವ್ಯಾಲ್ಯೂ ಪ್ರೊಪೊಸಿಷನ್'ನಲ್ಲಿ ಮುಗ್ಗರಿಸುತ್ತದೆ.

ಈಗ ಒಳಗಿನ ಗಿರಾಕಿಯ ವಿಷಯಕ್ಕೆ ಬರೋಣ. ಸೋಮವಾರ ಬೆಳಿಗ್ಗೆ ರಿವ್ಯೂ ಕಾಲ್. ಮಾರಾಟದ ಲೆಕ್ಕ ಇಡಲೆಂದೇ ದುಬಾರಿ ಸಾಫ್ಟ್‌ವೇರ್ ಇರುತ್ತದೆ. ಟಾಮ್ ಸೀಬೆಲ್ 1993ರಲ್ಲಿ ಶುರುಮಾಡಿದ ಸೀಬೆಲ್ ಸಿಸ್ಟಮ್ಸ್, ಮಾರ್ಕ್ ಬೆನಿಯಾಫ್ 1999ರಲ್ಲಿ ಶುರುಮಾಡಿದ ಸೇಲ್ಸ್‌ಫೋರ್ಸ್ ಬೆಳೆದದ್ದೇ ಈ ಲೆಕ್ಕದ ಮೇಲೆ. ಇಬ್ಬರೂ ಒರಾಕಲ್‌ನಿಂದ ಬಂದವರು ಎಂಬುದನ್ನು ನೆನಪಿಟ್ಟುಕೊಳ್ಳಿ, ಒರಾಕಲ್ ಮುಂದೆ ಮತ್ತೆ ಬರುತ್ತದೆ. ಅಷ್ಟಿದ್ದೂ ಮ್ಯಾನೇಜರ್ ಪರದೆಯ ಮೇಲೆ ತೆರೆಯುವುದು ತನ್ನ ಎಕ್ಸೆಲ್ ಶೀಟನ್ನೇ.

"ಪೀಣ್ಯದ್ದು ಏನಾಯ್ತು?"

"ಓನರ್ ಊರಲ್ಲಿಲ್ಲ ಸರ್. ಮುಂದಿನ ತಿಂಗಳು ನೋಡೋಣ ಅಂದ್ರು."

"ಮುಂದಿನ ತಿಂಗಳು ಅಂದ್ರೆ ಮುಂದಿನ ಕ್ವಾರ್ಟರ್. ನಾನು ಆಗ್ಲೇ ಮೇಲೆ ಹೇಳಿದೀನಿ. ಕಮಿಟ್‌ನಲ್ಲೇ ಇಡು ಅದನ್ನ."

"ಬರೋದು ಡೌಟು ಸರ್..."

"ಇದೇ ನೋಡು ನಿನ್ ಪ್ರಾಬ್ಲಮ್ಮು. ನೆಗೆಟಿವ್ ಮೈಂಡ್‌ಸೆಟ್."

ಮೂವತ್ತು ಜನ ಕೇಳಿಸಿಕೊಳ್ಳುತ್ತಿರುತ್ತಾರೆ. ಅಷ್ಟೂ ಜನರಿಗೆ ಪಾಠ ಅರ್ಥವಾಗುತ್ತದೆ. ಮುಂದಿನ ಸೋಮವಾರ ಯಾರೂ 'ಡೌಟು' ಅನ್ನುವುದಿಲ್ಲ, ಎಲ್ಲರ ಗಿರಾಕಿಗಳೂ 'ತುಂಬ ಪಾಸಿಟಿವ್' ಆಗಿರುತ್ತಾರೆ. ಸತ್ತುಹೋದ ವ್ಯವಹಾರಕ್ಕೆ ಎಪ್ಪತ್ತು ಪರ್ಸೆಂಟ್ ಅಂತ ಬರೆದು, ತಾರೀಕನ್ನು ತಿಂಗಳ ಕೊನೆಗೆ ದೂಡಿ ಇಡುತ್ತಾರೆ. ಮ್ಯಾನೇಜರ್ ಆ ಸಂಖ್ಯೆಗಳನ್ನು ಕೂಡಿಸಿ ತನ್ನ ಮೇಲಿನವನಿಗೆ ಮಾರುತ್ತಾನೆ, ಅವನು ಸಿಇಒಗೆ, ಸಿಇಒ ಹೂಡಿಕೆದಾರರಿಗೆ. ಆ ಸಂಖ್ಯೆ ನಂಬಿ ಹೊಸಬರನ್ನು ನೇಮಿಸುತ್ತಾರೆ, ಆಫೀಸಿಗೆ ಇನ್ನೊಂದು ಫ್ಲೋರ್ ಬಾಡಿಗೆಗೆ ಹಿಡಿಯುತ್ತಾರೆ. ಕ್ವಾರ್ಟರ್ ಮುಗಿದಾಗ ದುಡ್ಡು ಬರದಿದ್ದರೆ ತಪ್ಪು ಕೆಳಗಿನವನದು. "ನೀನೇ ಕಮಿಟ್ ಮಾಡಿದ್ದೆ ಅಲ್ವಾ?" ಆಮೇಲೆ ಪಿಐಪಿ, ಅಂದರೆ ಸುಧಾರಣೆಗೆ ಕೊಟ್ಟ ಕಾಲಾವಕಾಶ. ಅದರಿಂದ ಸುಧಾರಿಸಿ ಹೊರಬಂದವರನ್ನು ಕಾಣುವುದು ಅಪರೂಪ.

ಪೀಣ್ಯದ ಆ ಮಾಲೀಕರ ಕಡೆಯಿಂದಲೂ ನೋಡಬೇಕು. ಹತ್ತಾರು ಸಿಎನ್‌ಸಿ ಮಷೀನು, ಲೆಕ್ಕಕ್ಕೆ ಟ್ಯಾಲಿ, ಉತ್ಪಾದನೆಯ ಪ್ಲಾನಿಂಗಿಗೆ ಮಾತ್ರ ಒಂದು ಸಾಫ್ಟ್‌ವೇರ್ ಬೇಕಾಗಿದೆ. ಅವರಿಗೂ ಮಾರ್ಚ್ ಬಂದಿದೆ, ಒಳಗೆ ಆಡಿಟರ್ ಕೂತಿದ್ದಾನೆ. ಆದರೂ ಅವರಿಗೆ ಅವಸರವಿಲ್ಲ. "ಡಿಸೆಂಬರ್‌ನಲ್ಲಿ ಹತ್ತು ಪರ್ಸೆಂಟ್ ಬಿಡ್ತೀನಿ ಅಂದ್ರಿ, ಈಗ ಇಪ್ಪತ್ತು ಅಂತಿದೀರ. ಮೂವತ್ತೊಂದನೇ ತಾರೀಕು ಬನ್ನಿ ಸಾರ್, ಕಾಫಿ ಕುಡಿಯೋಣ" ಎಂದು ನಗುತ್ತಾರೆ. ಕೊಳ್ಳುವವರು ಮಾರುವವರ ಕ್ಯಾಲೆಂಡರ್ ಓದಿಕೊಂಡಿದ್ದಾರೆ.

ಕ್ವಾರ್ಟರ್ ಕೊನೆಯ ಈ ಅವಸರಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಇಯಾನ್ ಲಾರ್ಕಿನ್ ಎಂಬ ಸಂಶೋಧಕ ಅಳೆದಿದ್ದಾರೆ. ದೊಡ್ಡದೊಂದು ಸಾಫ್ಟ್‌ವೇರ್ ಕಂಪನಿಯ ಮಾರಾಟದ ದಾಖಲೆಗಳನ್ನು ಇಟ್ಟುಕೊಂಡು ಅವರು ಬರೆದ ಪ್ರಬಂಧ 2014ರಲ್ಲಿ ಪ್ರಕಟವಾಯಿತು. ಅಲ್ಲಿ ಕ್ವಾರ್ಟರಿನೊಳಗೆ ಹೆಚ್ಚು ಮಾರಿದಷ್ಟೂ ಕಮಿಷನ್ ದರ ಏರುತ್ತಿತ್ತು. ಮಾರುವವರು ತಮಗೆ ಲಾಭವಾಗುವ ಕ್ವಾರ್ಟರಿಗೆ ವ್ಯವಹಾರಗಳನ್ನು ಎಳೆದರು, ಎಳೆಯಲು ಬೇಕಾದಷ್ಟು ಬೆಲೆ ಇಳಿಸಿದರು. ಬರಬಹುದಾಗಿದ್ದ ಆದಾಯದಲ್ಲಿ ಶೇ. 6ರಿಂದ 8ರಷ್ಟು ಹೀಗೆ ಸೋರಿಹೋಯಿತು ಎಂಬುದು ಲಾರ್ಕಿನ್ ಲೆಕ್ಕ. ಅದು ಮಾರುವವರ ಕಳ್ಳತನವಲ್ಲ. ನಿಯಮ ಬರೆದವರು ಏನು ಕೇಳಿದರೋ ಅದನ್ನೇ ಇವರು ಕೊಟ್ಟಿದ್ದಾರೆ.

ಸಂಖ್ಯೆಯ ಆಸೆ ಇನ್ನೂ ಮುಂದೆ ಹೋದರೆ ಲೆಕ್ಕದ ಪುಸ್ತಕಕ್ಕೇ ಕೈ ಹಾಕುತ್ತದೆ. ಒರಾಕಲ್ 1980ರ ದಶಕದ ಕೊನೆಗೆ ಎಗ್ಗಿಲ್ಲದ ಮಾರಾಟಕ್ಕೆ ಹೆಸರಾಗಿತ್ತು. ಇನ್ನೂ ಕೈಗೆ ಬಾರದ ದುಡ್ಡೆಲ್ಲ ಮಾರಾಟವಾಗಿ ಪುಸ್ತಕಕ್ಕೆ ಏರಿತ್ತು. 1990ರಲ್ಲಿ ಷೇರು ಕುಸಿಯಿತು, ನೂರಾರು ಜನರ ಕೆಲಸ ಹೋಯಿತು. 1993ರಲ್ಲಿ ಅಮೆರಿಕದ ಷೇರು ನಿಯಂತ್ರಕ ಎಸ್‌ಇಸಿ ಜೊತೆಗಿನ ಪ್ರಕರಣ 1 ಲಕ್ಷ ಡಾಲರ್ ದಂಡದಲ್ಲಿ ಮುಗಿಯಿತು. ನ್ಯೂಯಾರ್ಕಿನ ಕಂಪ್ಯೂಟರ್ ಅಸೋಸಿಯೇಟ್ಸ್‌ನದು ಇನ್ನೂ ವಿಚಿತ್ರ. ಕ್ವಾರ್ಟರ್ ಮುಗಿದ ಮೇಲೂ ಪುಸ್ತಕ ಮುಚ್ಚದೆ, ನಂತರ ಸಹಿಯಾದ ಒಪ್ಪಂದಗಳಿಗೆ ಹಿಂದಿನ ತಾರೀಕು ಹಾಕಿ ಸೇರಿಸುತ್ತಿದ್ದರು. ಅದಕ್ಕೆ '35 ದಿನದ ತಿಂಗಳು' ಎಂದೇ ಹೆಸರು ಬಿತ್ತು. ಹೀಗೆ ಹೊತ್ತಿಗೆ ಮೊದಲೇ ಬರೆದುಕೊಂಡ ಆದಾಯ 220 ಕೋಟಿ ಡಾಲರ್. 2004ರಲ್ಲಿ ಕಂಪನಿ 22.5 ಕೋಟಿ ಡಾಲರ್ ಕೊಡಲು ಒಪ್ಪಿತು, ಸಿಇಒ ಆಗಿದ್ದ ಸಂಜಯ್ ಕುಮಾರ್ ತಪ್ಪೊಪ್ಪಿಕೊಂಡು 2006ರಲ್ಲಿ 12 ವರ್ಷದ ಶಿಕ್ಷೆಗೆ ಒಳಗಾದರು. ಸೋಮವಾರದ ಕಾಲ್‌ನಲ್ಲಿ ಹುಡುಗನೊಬ್ಬ ಹೇಳುವ 'ಪಾಸಿಟಿವ್ ಇದಾರೆ ಸರ್' ಎಂಬ ಮಾತಿಗೂ ಈ ಜೈಲಿಗೂ ಬಹಳ ದೂರವಿದೆ ಅನಿಸಬಹುದು. ಆದರೆ ಎರಡರಲ್ಲೂ ನಡೆಯುವುದು ಒಂದೇ: ನಾಳೆಯ ದುಡ್ಡನ್ನು ಇವತ್ತಿನದು ಎಂದು ಮೇಲಿನವರಿಗೆ ತೋರಿಸುವುದು.

ಸ್ಟಾರ್ಟ್‌ಅಪ್‌ಗಳ ಕಾಲದಲ್ಲಿ ಈ ರೋಗಕ್ಕೆ ವೇಗ ಬಂತು. ಸ್ಯಾನ್‌ಫ್ರಾನ್ಸಿಸ್ಕೊದ ಝೆನಿಫಿಟ್ಸ್ ಸಣ್ಣ ಕಂಪನಿಗಳಿಗೆ ಎಚ್‌ಆರ್ ಸಾಫ್ಟ್‌ವೇರ್ ಬಿಟ್ಟಿ ಕೊಟ್ಟು, ಅದರ ಬೆನ್ನಿಗೆ ಆರೋಗ್ಯ ವಿಮೆ ಮಾರಿ ಗಳಿಸುತ್ತಿತ್ತು. ವಿಮೆ ಮಾರಲು ಲೈಸೆನ್ಸ್ ಬೇಕು. ಕ್ಯಾಲಿಫೋರ್ನಿಯದಲ್ಲಿ ಆಗ ಅದಕ್ಕೆ 52 ಗಂಟೆಗಳ ಆನ್‌ಲೈನ್ ಪಾಠ ಕಡ್ಡಾಯವಾಗಿತ್ತು. ಕೂತು ಓದದೆಯೇ ಗಡಿಯಾರ ಓಡುವಂತೆ ಮಾಡುವ ಸಣ್ಣ ಪ್ರೋಗ್ರಾಮನ್ನು ಸಂಸ್ಥಾಪಕ ಪಾರ್ಕರ್ ಕಾನ್ರಾಡ್ ಅವರೇ ಬರೆದಿದ್ದರು. ಬೇಗ ಬೆಳೆಯಬೇಕಿತ್ತು, ಸೇಲ್ಸ್‌ನವರಿಗೆ ಓದುವಷ್ಟು ಪುರುಸೊತ್ತು ಕೊಡುವುದು ಕಷ್ಟವಾಯಿತು. 2016ರ ಫೆಬ್ರವರಿಯಲ್ಲಿ ಕಾನ್ರಾಡ್ ರಾಜೀನಾಮೆ ಕೊಟ್ಟರು, ಅದೇ ವರ್ಷ ಕ್ಯಾಲಿಫೋರ್ನಿಯ 70 ಲಕ್ಷ ಡಾಲರ್ ದಂಡ ಹಾಕಿತು.

ನಮ್ಮೂರಿನ ಬೈಜೂಸ್ ಕತೆ ಎಲ್ಲರಿಗೂ ಗೊತ್ತು. ಅದು ಪಾಠದ ಆ್ಯಪ್ ಕಂಪನಿ. ಆದರೆ ಅದರ ಬೆನ್ನೆಲುಬಾಗಿದ್ದವರು ಸಾವಿರಾರು ಸೇಲ್ಸ್ ಹುಡುಗ ಹುಡುಗಿಯರು. ಪಾಲಕರ ಮೇಲೆ ಒತ್ತಡ ಹಾಕಿ ಕೋರ್ಸ್ ಮಾರುತ್ತಾರೆ ಎಂಬ ದೂರಿನ ಮೇಲೆ ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ 2022ರ ಡಿಸೆಂಬರ್‌ನಲ್ಲಿ ಮುಖ್ಯಸ್ಥರನ್ನು ಕರೆಸಿತು, ಕಂಪನಿ ಆರೋಪವನ್ನು ಅಲ್ಲಗಳೆಯಿತು. ಅದೇ ವರ್ಷ ತಡವಾಗಿ ಹೊರಬಂದ 2020-21ರ ಲೆಕ್ಕದಲ್ಲಿ ನಷ್ಟ ನಾಲ್ಕೂವರೆ ಸಾವಿರ ಕೋಟಿ ರೂಪಾಯಿ ದಾಟಿತ್ತು. ಹಲವು ವರ್ಷಗಳ ಕೋರ್ಸಿನ ಆದಾಯವನ್ನು ಯಾವ ವರ್ಷಕ್ಕೆ ಎಷ್ಟು ಬರೆದುಕೊಳ್ಳಬೇಕು ಎಂಬ ರೀತಿ ಬದಲಾದದ್ದೂ ಅದಕ್ಕೊಂದು ಕಾರಣ. 2024ರ ಜುಲೈನಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿಯ (ಎನ್‌ಸಿಎಲ್‌ಟಿ) ಬೆಂಗಳೂರು ಪೀಠ ಕಂಪನಿಯನ್ನು ದಿವಾಳಿ ಪ್ರಕ್ರಿಯೆಗೆ ಒಳಪಡಿಸಿತು. ಹೂಡಿಕೆದಾರರ ಬಗ್ಗೆ, ಸಂಸ್ಥಾಪಕರ ಬಗ್ಗೆ ಪುಟಗಟ್ಟಲೆ ಬಂತು. ಮನೆಮನೆಗೆ ಹೋಗಿ ಮಾರಿದವರ ಬಗ್ಗೆ ಬಂದದ್ದೆಲ್ಲ ಹೆಚ್ಚಾಗಿ ಅವರನ್ನು ಖಳರನ್ನಾಗಿಸಿಯೇ.

ಹಾಗಾದರೆ ಇಂಥ ಮ್ಯಾನೇಜರುಗಳು ಎಲ್ಲಿಂದ ಬರುತ್ತಾರೆ? ಬಹುಪಾಲು ಅದೇ ಕೆಲಸದಿಂದ. ಚೆನ್ನಾಗಿ ಮಾರಿದವನನ್ನು ಟೀಮ್ ಲೀಡ್ ಮಾಡುವುದು ವಾಡಿಕೆ. ಬೆನ್ಸನ್, ಲಿ ಮತ್ತು ಶ್ಯೂ ಎಂಬ ಮೂವರು ಅರ್ಥಶಾಸ್ತ್ರಜ್ಞರು 131 ಕಂಪನಿಗಳ ಮಾರಾಟಗಾರರ ದಾಖಲೆ ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಹೆಚ್ಚು ಮಾರಿದವರಿಗೆ ಬಡ್ತಿ ಸಿಗುವ ಸಂಭವ ಹೆಚ್ಚು, ಆದರೆ ಅವರ ಕೈಕೆಳಗಿನವರ ಮಾರಾಟ ಇಳಿಯುತ್ತದೆ. ಇತರರ ಜೊತೆ ಸೇರಿ ವ್ಯವಹಾರ ಮುಗಿಸಿದ ಅನುಭವ ಇದ್ದವರು ಉತ್ತಮ ಮ್ಯಾನೇಜರುಗಳಾಗುತ್ತಾರೆ, ಕಂಪನಿಗಳು ಅದನ್ನು ಗಮನಿಸುವುದು ಕಡಿಮೆ. ಇದು ಕಣ್ಣಿಗೆ ಕಾಣುವ ಸಂಗತಿಯೇ. ಒಂಟಿಯಾಗಿ ನುಗ್ಗಿ ಗೆದ್ದವನಿಗೆ ಕೆಳಗಿನವರು ಸೋತಾಗ ಏನು ಮಾಡಬೇಕೆಂದು ತೋಚುವುದಿಲ್ಲ, ಫೋನ್ ಕಿತ್ತುಕೊಂಡು ತಾನೇ ಮಾತಾಡುತ್ತಾನೆ. ಆ ಪಿಓ ಬಂದರೂ ಹುಡುಗ ಏನೂ ಕಲಿಯಲಿಲ್ಲ. ಪಾಪ, ಆ ಮ್ಯಾನೇಜರಿಗೂ ಮೇಲಿನಿಂದ ಕಾಲ್ ಇರುತ್ತದೆ ಎನ್ನುವುದನ್ನೂ ಹೇಳಬೇಕು. ಸಾಲುಸಾಲಾಗಿ ಒಳಗಿನ ಗಿರಾಕಿಗಳು.

ದುಡ್ಡಿನ ವಿಷಯ ಬಂದಾಗ ಈ ಕೆಲಸದವರ ಸ್ಥಿತಿ ಇನ್ನೂ ನಾಜೂಕು. ಆಫರ್ ಲೆಟರಿನಲ್ಲಿ ಕಾಣುವ ಸಿಟಿಸಿಯ ದೊಡ್ಡ ಪಾಲು 'ವೇರಿಯಬಲ್'. ಆ ಪಾಲಿನ ನಿಯಮಗಳಿರುವ ಇನ್ಸೆಂಟಿವ್ ಲೆಟರ್ ಏಪ್ರಿಲ್‌ನಲ್ಲಿ ಬರಬೇಕಾದದ್ದು ಜುಲೈಗೆ ಬರುತ್ತದೆ, ಅಷ್ಟರಲ್ಲಿ ಒಂದು ಕ್ವಾರ್ಟರ್ ಮುಗಿದಿರುತ್ತದೆ. ದೊಡ್ಡ ವ್ಯವಹಾರ ಕೈಗೂಡುವ ಲಕ್ಷಣ ಕಂಡರೆ ಆ ಅಕೌಂಟ್ ಬೇರೆಯವರ ಟೆರಿಟರಿಗೆ ಹೋಗಬಹುದು. ಗಿರಾಕಿ ವರ್ಷದೊಳಗೆ ಬಿಟ್ಟುಹೋದರೆ ಕೊಟ್ಟ ಇನ್ಸೆಂಟಿವ್ ಸಂಬಳದಲ್ಲಿ ಮುರಿದುಕೊಳ್ಳುವ ಷರತ್ತೂ ಇರುತ್ತದೆ. ಗಿರಾಕಿ ಬಿಟ್ಟುಹೋದದ್ದು ಪ್ರಾಡಕ್ಟ್ ಕೈಕೊಟ್ಟಿದ್ದಕ್ಕೆ ಎಂದರೆ ಯಾರೂ ಕೇಳುವುದಿಲ್ಲ. ಎಲ್ಲದರ ಕೊನೆಗೂ 'ಕಂಪನಿಯ ವಿವೇಚನೆಗೆ ಒಳಪಟ್ಟು' ಎಂಬ ಒಂದು ಸಾಲು.

ಕಾನೂನಿನ ಆಸರೆ ತೆಳುವಾದದ್ದು. ಔಷಧ ಕಂಪನಿಗಳ ಮೆಡಿಕಲ್ ರೆಪ್‌ಗಳು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಆದ್ಯಂತಾಯ ಪ್ರಕರಣದಲ್ಲಿ ಹೇಳಿತು. ಮಾರುವವರನ್ನು ಯಾವ ಗುಂಪಿಗೆ ಸೇರಿಸಬೇಕೆಂಬ ಗೊಂದಲ ಅಷ್ಟು ಹಳೆಯದು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಸೇಲ್ಸ್ ಪ್ರೊಮೋಷನ್ ಉದ್ಯೋಗಿಗಳನ್ನು ಹೆಸರಿಸಿ ಕಾರ್ಮಿಕರ ವ್ಯಾಖ್ಯೆಯೊಳಗೆ ತೆಗೆದುಕೊಂಡಿತು, ಆದರೆ ಮ್ಯಾನೇಜರ್ ದರ್ಜೆಯ ಕೆಲಸದವರನ್ನು ಹೊರಗಿಟ್ಟಿತು. ಕೈಕೆಳಗೆ ಒಬ್ಬರೂ ಇಲ್ಲದ 'ಮ್ಯಾನೇಜರ್, ಬಿಸಿನೆಸ್ ಡೆವಲಪ್‌ಮೆಂಟ್'ಗಳೇ ತುಂಬಿರುವ ಉದ್ಯಮವಿದು. ಹೆಸರಿಗಿಂತ ಮಾಡುವ ಕೆಲಸ ಯಾವುದು ಎಂಬುದನ್ನು ಕೋರ್ಟು ನೋಡುತ್ತದೆ ನಿಜ, ಅಲ್ಲಿಯವರೆಗೆ ಹೋಗುವವರು ಎಷ್ಟು ಮಂದಿ? 2019ರ ವೇತನ ಸಂಹಿತೆ ಕೆಲಸ ಬಿಟ್ಟವರ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು ಎನ್ನುತ್ತದೆ. ಅದೇ ಸಂಹಿತೆಯ ವೇತನದ ವ್ಯಾಖ್ಯೆಯಿಂದ ಕಮಿಷನ್ ಹೊರಗಿದೆ. ಫುಲ್ ಆಂಡ್ ಫೈನಲ್ ಸೆಟ್ಲ್‌ಮೆಂಟ್‌ನಲ್ಲಿ ಜಗಳವಾಗುವುದೇ ಕಮಿಷನ್‌ಗೆ. ಒಂದು ವಿಷಯದಲ್ಲಿ ಮಾತ್ರ ಕಾನೂನು ಗಟ್ಟಿಯಾಗಿ ಇವರ ಪರ ನಿಂತಿದೆ. ಎದುರಾಳಿ ಕಂಪನಿಗೆ ಸೇರಬಾರದು ಎಂದು ಬರೆಸಿಕೊಳ್ಳುವ ಷರತ್ತು, ಕೆಲಸ ಬಿಟ್ಟ ಮೇಲೆ, 1872ರ ಕರಾರು ಕಾಯಿದೆಯ 27ನೇ ಕಲಮಿನ ಪ್ರಕಾರ ನಿಲ್ಲುವುದಿಲ್ಲ. ಎಚ್‌ಆರ್ ಹೆದರಿಸಿದಾಗ ಇದು ಗೊತ್ತಿದ್ದರೆ ಸಾಕು, ಅರ್ಧ ಧೈರ್ಯ ಬರುತ್ತದೆ. ಗಿರಾಕಿಗಳ ಪಟ್ಟಿ ಹೊತ್ತೊಯ್ದರೆ ಅದು ಬೇರೆ ಮಾತು. ಬೆಂಗಳೂರಿನಲ್ಲಿ 2017ರಿಂದ ಐಟಿ ನೌಕರರ ಸಂಘ ಕೆಐಟಿಯು ಇದೆ. ಆದರೆ ಪಕ್ಕದ ಸೀಟಿನವನ ಜೊತೆ ಲೀಡರ್‌ಬೋರ್ಡ್‌ನಲ್ಲಿ ಪೈಪೋಟಿ ಮಾಡುವವರು ಸಂಘ ಕಟ್ಟುವುದು ಸುಲಭವಲ್ಲ.

ಟಾರ್ಗೆಟ್ ಎಂಬುದನ್ನೇ ಕಿತ್ತುಹಾಕಬೇಕು ಎಂಬ ವಾದಕ್ಕೆ ನನ್ನ ಒಪ್ಪಿಗೆ ಇಲ್ಲ. ತುಮಕೂರಿನ ಪದವಿ ಕಾಲೇಜಿನಲ್ಲಿ ಓದಿದ ಹುಡುಗಿ ಕೋಡಿಂಗ್ ಬಾರದೆಯೂ ಎಂಜಿನಿಯರ್ ಸಂಬಳ ಮೀರಿಸುವ ಅವಕಾಶ ಈ ಉದ್ಯಮದಲ್ಲಿರುವುದು ಇದೊಂದೇ ಬಾಗಿಲಲ್ಲಿ, ಆ ಬಾಗಿಲು ತೆರೆಯುವುದು ಕಮಿಷನ್. ಸಿಡ್ನಿಯ ಅಟ್ಲಾಸಿಯನ್ ದೊಡ್ಡ ಸೇಲ್ಸ್ ಪಡೆ ಕಟ್ಟದೆ, ಗಿರಾಕಿಗಳೇ ವೆಬ್‌ಸೈಟಿನಲ್ಲಿ ಕೊಳ್ಳುವಂತೆ ಮಾಡಿ 2015ರಲ್ಲಿ ನಾಸ್ಡಾಕ್‌ವರೆಗೆ ಹೋಯಿತು. ಚೆನ್ನೈ ಮೂಲದ ಝೋಹೊ ಹೊರಗಿನ ಹೂಡಿಕೆ ತೆಗೆದುಕೊಳ್ಳಲೇ ಇಲ್ಲ. ಕ್ವಾರ್ಟರ್‌ಗೊಮ್ಮೆ ಉತ್ತರ ಕೇಳುವ ಹೂಡಿಕೆದಾರ ಇಲ್ಲದಿದ್ದರೆ ಒಳಗಿನ ಗಿರಾಕಿಗಳ ಸಾಲಿನ ತುದಿಯ ಗಿರಾಕಿಯೇ ಇಲ್ಲ. ಆದರೆ ಎಲ್ಲ ಸಾಫ್ಟ್‌ವೇರೂ ತಾನಾಗಿ ಮಾರಿಹೋಗುವುದಿಲ್ಲ. ಪೀಣ್ಯದ ಕಾರ್ಖಾನೆಗೆ ಯಾರಾದರೂ ಹೋಗಿ, ಎಣ್ಣೆ ಮೆತ್ತಿದ ಜಾಬ್ ಕಾರ್ಡುಗಳನ್ನು ನೋಡಿ, "ಇದು ನಮ್ಮಲ್ಲಿ ಆಗುತ್ತೆ, ಅದು ಆಗಲ್ಲ" ಎಂದು ಹೇಳಲೇಬೇಕು. 'ಆಗಲ್ಲ' ಎಂದು ಹೇಳಿ ಬಂದವನಿಗೆ ಸೋಮವಾರದ ಕಾಲ್‌ನಲ್ಲಿ ಏನಾಗುತ್ತದೆ ಎನ್ನುವುದರಲ್ಲೇ ಕಂಪನಿಯ ಆಡಳಿತ ಎಂಥದ್ದು ಎಂದು ತಿಳಿಯುತ್ತದೆ.

ಹೊಸದಾಗಿ ಸೇರುವವರು ಇದನ್ನು ಇಂಟರ್‌ವ್ಯೂನಲ್ಲೇ ಸ್ವಲ್ಪಮಟ್ಟಿಗೆ ಪತ್ತೆ ಮಾಡಬಹುದು. ಹೋದ ವರ್ಷ ಈ ಟೀಮಿನಲ್ಲಿ ಎಷ್ಟು ಜನ ಟಾರ್ಗೆಟ್ ಮುಟ್ಟಿದರು ಎಂದು ಕೇಳಬೇಕು. ಹತ್ತರಲ್ಲಿ ಒಬ್ಬರೇ ಮುಟ್ಟಿದ್ದರೆ ತಪ್ಪು ಒಂಬತ್ತು ಜನರದ್ದಲ್ಲ, ಟಾರ್ಗೆಟ್ ಇಟ್ಟವರದ್ದು. ಇನ್ಸೆಂಟಿವ್ ಲೆಟರ್ ಸೇರುವ ಮೊದಲೇ ತೋರಿಸುತ್ತಾರಾ ಎಂದು ಕೇಳಬೇಕು. ತನಗೆ ಸಿಗುವ ಟೆರಿಟರಿಯನ್ನು ಮೊದಲು ನೋಡಿಕೊಳ್ಳುತ್ತಿದ್ದವರು ಯಾರು, ಯಾಕೆ ಬಿಟ್ಟರು ಎಂದೂ ಕೇಳಬೇಕು. ಇವಕ್ಕೆ ಸಂಖ್ಯೆ, ಹೆಸರು, ಕಾಗದದಲ್ಲಿ ಉತ್ತರ ಬಾರದೆ "ನಮ್ಮಲ್ಲಿ ಅರ್ನಿಂಗಿಗೆ ಲಿಮಿಟ್ಟೇ ಇಲ್ಲ" ಎಂಬ ಮಾತು ಬಂದರೆ, ಆ ಸೀಟಿನಲ್ಲಿ ಕೂತು ಹೋದವರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ, ಯಾರು ಎಷ್ಟು ತಿಂಗಳು ಇದ್ದರು ಎಂದು ಎಣಿಸಿಕೊಂಡು, ಒಬ್ಬರಿಗಾದರೂ ಫೋನ್ ಮಾಡಿ ಮಾತಾಡಿದ ಮೇಲೆಯೇ ಆಫರ್‌ಗೆ ಸಹಿ ಹಾಕುವುದು ಲೇಸು.